ಗುಂಬಜದಾಚೆಯ ವಿಜಯಪುರ

ಊರಿಗೆ ಹೋಗುವುದು ಬೇರೆ, ಊರಿನಲ್ಲಿರುವ ಮನೆಗೆ ಹೋಗುವುದು ಬೇರೆ. ಊರಿಗೆ ಹೋದವನು ಕಣ್ಣಿಗೆ ಕಂಡದ್ದನ್ನು ನೋಡಿ ಬರುತ್ತಾನೆ. ಮನೆಗೆ ಹೋದವನಿಗೆ ಆ ಮನೆಯವರು ತೋರಿಸಿದ್ದು ಕಾಣುತ್ತದೆ. ಅರುವತ್ತೈದು ದಾಟಿದ ಮೇಲೆ ಈ ವ್ಯತ್ಯಾಸವನ್ನು ನನಗೆ ಮನಗಾಣಿಸಿದ್ದು ವಿಜಯಪುರ.

ಈ ಊರಿಗೆ ನಾನು ಹೊಸಬನೇನಲ್ಲ. ಶಿಕ್ಷಕನಾಗಿದ್ದಾಗ ಮಕ್ಕಳ ಪ್ರವಾಸದೊಂದಿಗೆ ಮೂರು ಸಲ ಬಂದಿದ್ದೆ. ಮೂರು ಸಲವೂ ಒಂದೇ ಕ್ರಮ: ಬೆಳಿಗ್ಗೆ ಗೋಲಗುಂಬಜ, ಆಮೇಲೆ ಇಬ್ರಾಹಿಂ ರೋಜಾ, ಅಲ್ಲಿಂದ ಮಲಿಕ್-ಎ-ಮೈದಾನ್ ತೋಪು, ಬಾರಾ ಕಮಾನಿನ ಮುಂದೆ ಒಂದು ಗುಂಪುಚಿತ್ರ, ಸಂಜೆಯೊಳಗೆ ಬಸ್ಸು ಆಲಮಟ್ಟಿಯ ಕಡೆಗೆ. ‘ಬಿಜಾಪುರ ನೋಡಿದೆ’ ಎಂದು ಧೈರ್ಯವಾಗಿ ಹೇಳುತ್ತಿದ್ದೆ. ಊರಿನ ಹೆಸರು 2014ರ ನವೆಂಬರ್ ಒಂದರಿಂದ ವಿಜಯಪುರವೆಂದಾಯಿತು. ನನ್ನ ತಿಳಿವಳಿಕೆ ಮಾತ್ರ ಹಳೆಯ ಪ್ರವಾಸದ ಕರಪತ್ರದಷ್ಟೇ ಉಳಿದಿತ್ತು.

ಧಾರವಾಡದ ಮುರುಘಾಮಠದ ಪ್ರಸಾದ ನಿಲಯದಲ್ಲಿ ನನ್ನೊಂದಿಗೆ ಊಟಕ್ಕೆ ಕುಳಿತವನೊಬ್ಬ ಆ ಊರಿನಲ್ಲಿದ್ದಾನೆ. ನೀರಾವರಿ ಇಲಾಖೆಯಲ್ಲಿ ಇಂಜಿನಿಯರಾಗಿ ನಿವೃತ್ತನಾದವನು. ಪ್ರತಿವರ್ಷ ಕರೆಯುತ್ತಿದ್ದ, ನಾನು ಪ್ರತಿವರ್ಷ ಮುಂದೂಡುತ್ತಿದ್ದೆ. ಕಳೆದ ಡಿಸೆಂಬರಿನಲ್ಲಿ ದೂರವಾಣಿಯಲ್ಲಿ ಗದರಿಸಿದ: “ಗುಂಬಜ ಎಲ್ಲಿಗೂ ಹೋಗೂದಿಲ್ಲಪಾ. ಮುನ್ನೂರಾ ಎಪ್ಪತ್ತು ವರ್ಷಾತು, ಅಲ್ಲೇ ಕುಂತೈತಿ. ಹೋಗೂ ಮಂದಿ ನಾವು. ಈ ಸಲ ಊರು ನೋಡಾಕ ಬ್ಯಾಡ, ಮನಿಗೆ ಬಾ.” ಆ ಮಾತಿಗೆ ಎದುರಾಡಲಾಗಲಿಲ್ಲ. ಪತ್ನಿಯನ್ನೂ ಹನ್ನೊಂದು ವರ್ಷದ ಮೊಮ್ಮಗಳನ್ನೂ ಕರೆದುಕೊಂಡು ದಾವಣಗೆರೆಯಲ್ಲಿ ರಾತ್ರಿಯ ರೈಲು ಹತ್ತಿದೆ.

ಹೊರಡುವ ಮುನ್ನ ನಡೆದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಿಬಿಡಬೇಕು. ಹಳ್ಳಿಯಲ್ಲಿರುವ ನಮ್ಮ ಹಿರಿಯರ ಮನೆಯನ್ನು ಮಾರಲು ಅಣ್ಣತಮ್ಮಂದಿರೆಲ್ಲ ನಿಶ್ಚಯಿಸಿದ್ದೆವು. ಅಟ್ಟವನ್ನು ತೆರವು ಮಾಡುವಾಗ ಒಂದು ಮರದ ಪೆಟ್ಟಿಗೆ ಸಿಕ್ಕಿತು. ಅದರೊಳಗೆ ಕೆಂಪು ವಸ್ತ್ರದಲ್ಲಿ ಸುತ್ತಿದ ತಾಡೋಲೆಯ ಕಟ್ಟು. ನಮ್ಮ ತಾಯಿ ಇರುವತನಕ ಶ್ರಾವಣ ಮಾಸದಲ್ಲಿ ಅದನ್ನು ಕೆಳಗಿಳಿಸಿ, ವಿಭೂತಿ ಹಚ್ಚಿ, ಹೂ ಏರಿಸಿ, ಮತ್ತೆ ಮೇಲಿಡುತ್ತಿದ್ದಳು. ಅದರಲ್ಲೇನಿದೆ ಎಂದು ಅವಳಿಗೂ ತಿಳಿಯದು, ನಮಗೂ ತಿಳಿಯದು. ಹಳೆಯ ಸಾಮಾನು ಕೊಳ್ಳುವವನೊಬ್ಬ ಬಂದು ಹಿತ್ತಾಳೆಯ ಕೊಡಗಳು, ಕೆತ್ತನೆಯ ಬಾಗಿಲು, ಈ ಕಟ್ಟು ಎಲ್ಲಕ್ಕೂ ಸೇರಿಸಿ ಒಂದು ಬೆಲೆ ಹೇಳಿದ್ದ. ತಮ್ಮ ನನ್ನನ್ನು ಕೇಳಿದಾಗ, “ನಮ್ಮಲ್ಲಿ ಓದುವವರು ಯಾರಿದ್ದಾರೆ? ಕೊಟ್ಟುಬಿಡು” ಎಂದು ಹೇಳಿ ರೈಲು ಹತ್ತಿದ್ದೆ. ಸೋಮವಾರ ಅವನು ಬಂದು ಒಯ್ಯುವವನಿದ್ದ. ನಾವು ವಿಜಯಪುರದಲ್ಲಿ ಇಳಿದದ್ದು ಶುಕ್ರವಾರ.

ಮನೆಯ ಬಾಗಿಲು

ನಿಲ್ದಾಣದಿಂದ ಹೊರಬರುತ್ತಲೇ ಮಂಜಿನೊಳಗಿಂದ ಗೋಲಗುಂಬಜ ಕಂಡಿತು. ಮೊಮ್ಮಗಳು ಅಲ್ಲಿಯೇ ನಿಂತುಬಿಟ್ಟಳು. ಗೆಳೆಯ ಅವಳ ಚೀಲವನ್ನು ತನ್ನ ಹೆಗಲಿಗೇರಿಸಿ, “ಮೊದಲ ಜಳಕ, ಪೂಜಿ, ಪ್ರಸಾದ. ಆಮ್ಯಾಲೆ ಗುಂಬಜ” ಎಂದ.

ಬಾಗಿಲಲ್ಲಿ ವೈನಿಯವರು, “ಶರಣಾರ್ಥಿ, ಬರ್ರಿ ಬರ್ರಿ” ಎಂದು ತಂಬಿಗೆಯಲ್ಲಿ ನೀರು ಕೊಟ್ಟರು. ಮನೆ ದೊಡ್ಡದಲ್ಲ, ಆದರೆ ಒಳಗಿನ ಕೋಣೆಯಲ್ಲಿ ಐದಾರು ಜನ ಸಾಲಾಗಿ ಕುಳಿತು ಇಷ್ಟಲಿಂಗ ಪೂಜೆ ಮಾಡಿಕೊಳ್ಳುವಷ್ಟು ಸ್ಥಳವನ್ನು ಬೇಕೆಂದೇ ಖಾಲಿ ಬಿಟ್ಟಿದ್ದರು. “ಬಂದವರಿಗೆ ಮೊದಲು ಕೂಡ್ರಾಕ ಜಾಗಾ ಇರಬೇಕ್ರಿ, ಕಪಾಟು ಆಮ್ಯಾಲೆ” ಎಂದರು ವೈನಿಯವರು. ಪ್ರಸಾದಕ್ಕೆ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆನೆ ಮೊಸರು. ಮುದ್ದೆ ಅನ್ನಗಳಿಗೆ ಒಗ್ಗಿದ ನನ್ನ ಪತ್ನಿ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವುದನ್ನು ಕಲಿಯಲು ಹೊರಟಳು. ಮೊದಲ ರೊಟ್ಟಿ ಹರಿಯಿತು, ಎರಡನೆಯದೂ ಹರಿಯಿತು. “ಕೈಗೆ ಅವಸರ ಬ್ಯಾಡ್ರಿ ಅಕ್ಕಾರ, ಹಿಟ್ಟಿಗೆ ಬಿಸಿನೀರು ಕುಡಿಯಾಕ ಬಿಡ್ರಿ” ಎಂದರು ಅವರು. ಮೂರನೆಯದು ಉಬ್ಬಿ ಬಂದಾಗ ಅಡುಗೆಮನೆಯಲ್ಲಿ ಎದ್ದ ನಗೆ ಪಡಸಾಲೆಯವರೆಗೂ ಕೇಳಿಸಿತು.

ಕಲ್ಲಿನ ಊರು, ನೀರಿನ ಊರು

ಮಧ್ಯಾಹ್ನ ಗೋಲಗುಂಬಜ ಹತ್ತಿದೆವು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲ್‌ಶಾಹನ ಸಮಾಧಿಯದು. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್; ಒಳಗೆ ಅದನ್ನು ಹೊತ್ತು ನಿಲ್ಲಲು ಒಂದೇ ಒಂದು ಕಂಬವಿಲ್ಲ, ಒಂದನ್ನೊಂದು ಕತ್ತರಿಸಿ ಸಾಗುವ ಕಮಾನುಗಳೇ ಆ ಭಾರವನ್ನು ಗೋಡೆಗಳಿಗೆ ದಾಟಿಸುತ್ತವೆ. ಪಿಸುಮಾತಿನ ಮೊಗಸಾಲೆಯಲ್ಲಿ ಮೊಮ್ಮಗಳು ತನ್ನ ಹೆಸರನ್ನು ತಾನೇ ಕೂಗಿಕೊಂಡು ಅದು ಮತ್ತೆ ಮತ್ತೆ ಮರಳುವುದನ್ನು ಕೇಳಿ ಕುಣಿದಳು. ನನಗದು ನಾಲ್ಕನೆಯ ಸಲ. ಆದರೆ ಮೇಲಿನಿಂದ ಊರನ್ನು ನೋಡುತ್ತಿದ್ದ ಅವಳು ಕೇಳಿದ ಪ್ರಶ್ನೆಯನ್ನು ನಾನು ಕರೆತಂದ ನೂರಾರು ಮಕ್ಕಳಲ್ಲಿ ಒಬ್ಬರೂ ಕೇಳಿರಲಿಲ್ಲ: “ಅಜ್ಜ, ಇಲ್ಲಿ ಹೊಳೆಯೇ ಕಾಣುವುದಿಲ್ಲವಲ್ಲ. ಇಷ್ಟು ಜನ ನೀರು ಎಲ್ಲಿಂದ ಕುಡಿಯುತ್ತಿದ್ದರು?”

ಗೆಳೆಯನ ಮುಖ ಅರಳಿತು. ನೀರಿನ ಮನುಷ್ಯನಿಗೆ ಇದಕ್ಕಿಂತ ಪ್ರಿಯವಾದ ಪ್ರಶ್ನೆ ಬೇರೊಂದಿಲ್ಲ. “ಬಾ ಕೂಸ, ಮಂದಿ ನೋಡದ ಬಿಜಾಪುರ ತೋರಸ್ತೀನಿ” ಎಂದು ಕೆಳಗಿಳಿಸಿದ.

ಮೊದಲು ಕರೆದೊಯ್ದದ್ದು ತಾಜ್ ಬಾವಡಿಗೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ, 1620ರಲ್ಲಿ, ಅವನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ ಕಟ್ಟಿಸಿದ ಬಾವಿಯಿದು. ಎರಡು ಎಂಟುಮೂಲೆಯ ಗೋಪುರಗಳ ನಡುವೆ ದೊಡ್ಡ ಕಮಾನು, ಅದರ ಕೆಳಗೆ ನೀರಿಗಿಳಿಯುವ ಮೆಟ್ಟಿಲುಗಳು, ಬದಿಗಳಲ್ಲಿ ದಾರಿಕಾರರು ತಂಗುತ್ತಿದ್ದ ಕೊಠಡಿಗಳು. ಇದಕ್ಕೂ ಹಿಂದಿನದು 1579ರ ಚಾಂದ್ ಬಾವಡಿ. ಬಾವಿಗಳಲ್ಲದೆ ಊರ ತೆಂಕಣ ದಿಕ್ಕಿನಲ್ಲಿ 1651ರ ಬೇಗಂ ತಾಲಾಬ್ ಇದೆ. ಅಲ್ಲಿಂದ ಮಣ್ಣಿನ ಕೊಳವೆಗಳನ್ನು ಗಾರೆಯಲ್ಲಿ ಹುದುಗಿಸಿ, ನೆಲದಡಿಯಲ್ಲಿಯೇ ಊರೊಳಗೆ ನೀರು ತಂದಿದ್ದರು. ದಾರಿಯುದ್ದಕ್ಕೂ ಅಲ್ಲಲ್ಲಿ ‘ಗಂಜ್’ ಎಂಬ ಎತ್ತರದ ನೀರಿನ ಗೋಪುರಗಳು. ನೀರು ಗೋಪುರದೊಳಗೆ ಮೇಲೇರಿ ನಿಂತಾಗ ಕೊಳವೆಯ ಮೇಲಿನ ಒತ್ತಡ ತಗ್ಗುತ್ತಿತ್ತು, ಹೂಳು ತಳಕ್ಕಿಳಿಯುತ್ತಿತ್ತು, ತಿಳಿನೀರು ಮುಂದೆ ಹರಿಯುತ್ತಿತ್ತು. ಪೇಟೆಯ ಗದ್ದಲದ ನಡುವೆ ನಿಂತಿರುವ ಅಂಥ ಗೋಪುರವೊಂದನ್ನು ಗೆಳೆಯ ತೋರಿಸಿದ. ಅದಕ್ಕೆ ಒರಗಿ ಒಬ್ಬ ಹಣ್ಣಿನ ವ್ಯಾಪಾರಿ ನಿಂಬೆಹಣ್ಣಿನ ಗುಡ್ಡೆ ಹಾಕಿಕೊಂಡು ಕುಳಿತಿದ್ದ. ಮೂರು ಪ್ರವಾಸಗಳಲ್ಲಿ ನಾನು ಆ ಗೋಪುರದ ಮುಂದೆ ಎಷ್ಟು ಸಲ ಹಾದುಹೋಗಿದ್ದೆನೋ!

ಇನ್ನೂ ವಿಸ್ಮಯವಾದದ್ದು ಪಡುವಣ ದಿಕ್ಕಿನ ತೊರವಿಯ ಕಡೆಯ ಸುರಂಗ ಬಾವಡಿ. ನೆಲದ ಒಡಲಿನಲ್ಲಿ ಸುರಂಗ ಕೊರೆದು, ಗಾಳಿಬೆಳಕಿಗೂ ಹೂಳೆತ್ತುವುದಕ್ಕೂ ನಡುನಡುವೆ ಬಾವಿಯಂಥ ಕಂಡಿಗಳನ್ನಿಟ್ಟು, ಇಳಿಜಾರಿನ ಬಲದಿಂದಲೇ ನೀರನ್ನು ನಗರಕ್ಕೆ ಹರಿಸಿದ ‘ಕರೇಜ್’ ಪದ್ಧತಿಯದು. ಪರ್ಷಿಯಾ ದೇಶದಿಂದ ಬಂದ ಈ ವಿದ್ಯೆ ನಮ್ಮ ಬೀದರಿನಲ್ಲಿಯೂ ಇದೆ. ಜಗತ್ತಿನಲ್ಲಿ ಕಾಪಾಡಲೇಬೇಕಾದ ಸ್ಥಳಗಳೆಂದು ವಿಶ್ವ ಸ್ಮಾರಕ ನಿಧಿಯು ಪ್ರಕಟಿಸಿದ 2020ರ ಪಟ್ಟಿಯಲ್ಲಿ ಈ ಸುರಂಗ ಬಾವಡಿಯೂ ಸೇರಿತು.

“1686ರೊಳಗ ಔರಂಗಜೇಬ ಊರು ಗೆದ್ದ. ಗುಂಬಜಕ್ಕೇನೂ ಆಗಲಿಲ್ಲ. ನೀರಿನ ಕೆಲಸಾ ನೋಡಿಕೊಳ್ಳವ್ರು ಇಲ್ಲದಂಗಾತು, ಊರು ಒಣಗತು” ಎಂದ ಗೆಳೆಯ. “ಕಟ್ಟಡ ಕಾಯಾಕ ಒಬ್ಬ ಕಾವಲುಗಾರ ಸಾಕು. ನೀರು ಕಾಯಾಕ ಇಡೀ ಊರ ಬೇಕು.” ಆಂಗ್ಲರು 1885ರಲ್ಲಿ ಜಿಲ್ಲೆಯ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ತಂದಾಗ ಹಾಳುಬಿದ್ದ ಅರಮನೆಗಳಲ್ಲಿಯೇ ಕಚೇರಿಗಳನ್ನು ಹೂಡಿದರಂತೆ. 1876–78ರ ಭೀಕರ ಬರವನ್ನು ಕಂಡ ಸೀಮೆಯಿದು. ಜಿಲ್ಲೆಯ ಅಂಚಿನಲ್ಲಿಯೇ ಕೃಷ್ಣೆ ಹರಿದರೂ ಹೊಲಕ್ಕೂ ಕೊಡಕ್ಕೂ ನೀರಿಲ್ಲದ ದಿನಗಳನ್ನು ನನ್ನ ಗೆಳೆಯನ ತಲೆಮಾರು ಕಣ್ಣಾರೆ ಕಂಡಿದೆ. ಅವನು ಸೇವೆಯ ಬಹುಭಾಗವನ್ನು ಕಾಲುವೆಗಳ ಬದುವಿನ ಮೇಲೆಯೇ ಕಳೆದವನು. ಆಲಮಟ್ಟಿಯ ಜಲಾಶಯ 2006ರಲ್ಲಿ ಲೋಕಾರ್ಪಣೆಯಾದ ದಿನ ತಾನು ಮಗುವಿನಂತೆ ಅತ್ತದ್ದನ್ನು ನಾಚಿಕೆಯಿಲ್ಲದೆ ಹೇಳಿಕೊಂಡ. ಬಾವಡಿಗಳಲ್ಲಿ ಕಸವೂ ವಿಸರ್ಜಿಸಿದ ಮೂರ್ತಿಗಳೂ ತುಂಬಿದ್ದ ದಿನಗಳನ್ನೂ, ಕಳೆದ ದಶಕದಲ್ಲಿ ಅವುಗಳ ಹೂಳೆತ್ತಿದ್ದನ್ನೂ ವಿವರಿಸಿದ. ಮೊಮ್ಮಗಳು ಗಂಭೀರವಾಗಿ, “ಅಜ್ಜ, ನಮ್ಮೂರ ಹಳ್ಳಿಮನೆಯ ಬಾವಿಯನ್ನೂ ಮುಚ್ಚಿಬಿಟ್ಟಿದ್ದಾರಲ್ಲ” ಎಂದಳು. ನಾನು ಉತ್ತರಿಸಲಿಲ್ಲ.

ತೊರವಿಯ ಹಾದಿ

ತೊರವಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕುಮಾರ ವಾಲ್ಮೀಕಿಯ ತೊರವೆ ರಾಮಾಯಣ. ಅಲ್ಲಿನ ನರಸಿಂಹನ ಸನ್ನಿಧಿಯಲ್ಲಿ ಆ ಕಾವ್ಯ ಹುಟ್ಟಿತು. ಅದೇ ತೊರವಿಯ ಬಳಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹನು ನವರಸಪುರವೆಂಬ ಹೊಸ ನಗರವನ್ನು ಕಟ್ಟಲು ಹೊರಟಿದ್ದ. ಸಂಗೀತವನ್ನು ಪ್ರಾಣದಂತೆ ಪ್ರೀತಿಸಿದ ಆ ಸುಲ್ತಾನನ ‘ಕಿತಾಬ್-ಎ-ನವರಸ್’ ಕೃತಿಯಲ್ಲಿ ಸರಸ್ವತಿ ಗಣಪತಿಯರ ಸ್ತುತಿಯಿದೆ. ಪ್ರಜೆಗಳು ಅವನನ್ನು ‘ಜಗದ್ಗುರು’ ಎಂದು ಕರೆದದ್ದುಂಟು. ಅವನ ನಗರ ಪೂರ್ಣವಾಗಲಿಲ್ಲ. ಇಂದು ಮುರಿದ ಗೋಡೆಗಳು ಜೋಳದ ಹೊಲಗಳ ನಡುವೆ ನಿಂತಿವೆ.

ಆದರೆ ಅದೇ ತೊರವಿಯಲ್ಲಿ ಈಗ ಬೇರೊಂದು ನಗರವೆದ್ದಿದೆ. ಕರ್ನಾಟಕದ ಮಹಿಳಾ ವಿಶ್ವವಿದ್ಯಾಲಯವು 2003ರಲ್ಲಿ ವಿಜಯಪುರದಲ್ಲಿ ಸ್ಥಾಪನೆಗೊಂಡು, 2017ರಲ್ಲಿ ಅಕ್ಕಮಹಾದೇವಿಯ ಹೆಸರನ್ನು ಪಡೆಯಿತು. ಸಂಜೆ ನಾವು ಆ ಹಾದಿಯಲ್ಲಿ ಹೋಗುವಾಗ ಹೆಣ್ಣುಮಕ್ಕಳು ಪುಸ್ತಕಗಳನ್ನೆತ್ತಿಕೊಂಡು ಬಸ್ಸಿಗೆ ಕಾಯುತ್ತಿದ್ದರು. ವೈನಿಯವರು ಗಾಡಿಯ ಕಿಟಕಿಯಿಂದ ನೋಡುತ್ತ, “ನನಗ ಏಳನೇತ್ತೆಗೆ ಶಾಲಿ ಬಿಡಿಸಿದ್ರು. ನಮ್ಮ ಮೊಮ್ಮಗಳು ಇಲ್ಲೇ ಎಂ.ಎ. ಓದ್ಯಾಳ” ಎಂದರು. ಅರಸನ ನಗರ ಅರ್ಧಕ್ಕೆ ನಿಂತ ಭೂಮಿಯಲ್ಲಿ ಅಕ್ಕನ ಹೆಸರಿನ ವಿದ್ಯಾಲಯ ಬೆಳೆದಿದೆ. ಇದನ್ನು ಯಾವ ಪ್ರವಾಸದ ಕರಪತ್ರವೂ ನನಗೆ ಹೇಳಿರಲಿಲ್ಲ.

ಜೇಬಿಲ್ಲದ ಅಂಗಿ

ಶನಿವಾರ ಸಂಜೆ ಜ್ಞಾನಯೋಗಾಶ್ರಮಕ್ಕೆ ಹೋದೆವು. ವೇದಾಂತಕೇಸರಿ ಮಲ್ಲಿಕಾರ್ಜುನ ಸ್ವಾಮಿಗಳು ಬೆಳೆಸಿದ ಆಶ್ರಮವದು. ಅವರ ಶಿಷ್ಯರಾದ ಪೂಜ್ಯ ಸಿದ್ಧೇಶ್ವರ ಸ್ವಾಮಿಗಳಿಂದ ನಾಡಿನ ಮನೆಮನೆಗೂ ಪರಿಚಿತವಾಯಿತು. ಬಿಜ್ಜರಗಿಯ ರೈತ ಮನೆತನದಲ್ಲಿ 1940ರಲ್ಲಿ ಹುಟ್ಟಿದ ಆ ಮಹಾನುಭಾವರು ತೊಡುತ್ತಿದ್ದ ಬಿಳಿಯ ಅಂಗಿಗೆ ಜೇಬಿರಲಿಲ್ಲವೆಂಬುದು ಓದುಗ ಬಂಧುಗಳಿಗೆಲ್ಲ ತಿಳಿದ ವಿಷಯ. 2018ರಲ್ಲಿ ಬಂದ ಪದ್ಮಶ್ರೀಯನ್ನು ವಿನಯದಿಂದಲೇ ಬೇಡವೆಂದವರು. 2014ರ ಗುರುಪೂರ್ಣಿಮೆಯಂದೇ ತಮ್ಮ ಅಂತಿಮ ಇಚ್ಛೆಯನ್ನು ಬರೆದಿಟ್ಟಿದ್ದರು: ದೇಹವನ್ನು ಹೂಳದೆ ಅಗ್ನಿಗೆ ಅರ್ಪಿಸಬೇಕು, ಬೂದಿಯನ್ನು ನೀರಿನಲ್ಲಿ ಬಿಡಬೇಕು, ಗುಡಿಯಾಗಲಿ ಸ್ಮಾರಕವಾಗಲಿ ಕಟ್ಟಕೂಡದು ಎಂದು. 2023ರ ಜನವರಿ 2ರಂದು ಅವರು ಲಿಂಗೈಕ್ಯರಾದಾಗ ಲಕ್ಷಾಂತರ ಜನ ಈ ಊರಿಗೆ ಹರಿದು ಬಂದರು. ಶಿಷ್ಯರು ಆ ಬರಹದಂತೆಯೇ ನಡೆದರು.

ಆಶ್ರಮದ ಅಂಗಳದಲ್ಲಿ ಸಾಮಾನ್ಯ ಜನ ಸದ್ದಿಲ್ಲದೆ ಕುಳಿತಿದ್ದರು. ಕೈಮುಗಿಯಲು ನನ್ನ ಕಣ್ಣು ಅಭ್ಯಾಸಬಲದಿಂದ ಒಂದು ಗದ್ದುಗೆಯನ್ನು ಹುಡುಕುತ್ತಿತ್ತು. ಪಕ್ಕದಲ್ಲಿದ್ದ ಹಿರಿಯ ರೈತರೊಬ್ಬರು ಅದನ್ನು ಗಮನಿಸಿ, “ಅಪ್ಪಾವರು ಹೇಳಿದ್ದು ಕೇಳಿದ್ರ ಸಾಕ್ರಿ, ಅದ ಗದ್ದಿಗಿ” ಎಂದರು. ಒಂದೇ ಊರು: ಒಂದು ಕಡೆ ತನ್ನ ದೇಹಕ್ಕೆ ಜಗತ್ತೇ ಬೆರಗಾಗುವ ಗುಂಬಜ ಕಟ್ಟಿಸಿಕೊಂಡ ದೊರೆ, ಇನ್ನೊಂದು ಕಡೆ ಒಂದು ಕಲ್ಲೂ ಬೇಡವೆಂದ ಶರಣ. ಇಬ್ಬರನ್ನೂ ಜನ ನೆನೆಯುತ್ತಾರೆ. ನೆನೆಯುವ ರೀತಿ ಮಾತ್ರ ಬೇರೆ.

ಒಂದು ದೂರವಾಣಿ ಕರೆ

ಆ ರಾತ್ರಿ ಊಟಕ್ಕೆ ಕುಳಿತಾಗ ತಮ್ಮನ ಕರೆ ಬಂತು. ಸಾಮಾನಿನವನು ಮುಂಗಡ ಕೊಟ್ಟು ಹೋಗಿದ್ದಾನೆ, ಸೋಮವಾರ ಬೆಳಿಗ್ಗೆ ಗಾಡಿ ತರುತ್ತಾನೆ ಎಂದ. “ಆಗಲಿ” ಎಂದು ಹೇಳಿ ಕೆಳಗಿಟ್ಟೆ. ಗೆಳೆಯ, “ಏನ್ ಮಾರಾಕ ಹತ್ತೀರಿ?” ಎಂದು ಕೇಳಿದ. ಹೇಳಿದೆ. ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಯೇ ಇಟ್ಟ. ಏನೂ ಅನ್ನಲಿಲ್ಲ. ಬಹಳ ಹೊತ್ತಿನ ಮೇಲೆ, “ನಾಳೆ ಮುಂಜಾನೆ ಒಂದು ಜಾಗಾಕ್ಕ ಹೋಗೂಣು. ಆಮ್ಯಾಲೆ ನಿಮ್ಮ ಇಚ್ಛಾ” ಎಂದಷ್ಟೇ ಹೇಳಿದ. ಪ್ರಸಾದ ನಿಲಯದ ದಿನಗಳಿಂದ ನನ್ನನ್ನು ‘ನೀ’ ಎನ್ನುತ್ತಿದ್ದವನು ಆ ರಾತ್ರಿ ‘ನಿಮ್ಮ’ ಎಂದ. ಆ ಒಂದು ಅಕ್ಷರದ ಬದಲಾವಣೆ ನನ್ನ ನಿದ್ದೆ ಕೆಡಿಸಿತು.

ರವಿವಾರ ಬೆಳಿಗ್ಗೆ ಕರೆದೊಯ್ದದ್ದು ಬಿ.ಎಲ್.ಡಿ.ಇ. ಸಂಸ್ಥೆಯ ಆವರಣಕ್ಕೆ, ವಚನ ಪಿತಾಮಹ ಫ.ಗು. ಹಳಕಟ್ಟಿಯವರ ಸ್ಮಾರಕದ ಬಳಿಗೆ. ಶಿಕ್ಷಕನಾಗಿ ಅವರ ಹೆಸರನ್ನು ನಾನು ನೂರಾರು ಸಲ ಹೇಳಿದ್ದೇನೆ, ಪರೀಕ್ಷೆಗೆ ಎರಡು ಅಂಕದ ಟಿಪ್ಪಣಿ ಬರೆಸಿದ್ದೇನೆ. ಅವರು ಬಾಳಿ ಬದುಕಿದ ಊರಿಗೆ ಮೂರು ಸಲ ಬಂದರೂ ಇಲ್ಲಿಗೊಮ್ಮೆ ಬಂದಿರಲಿಲ್ಲ.

1880ರ ಜುಲೈ 2ರಂದು ಧಾರವಾಡದಲ್ಲಿ ಹುಟ್ಟಿದ ಫಕೀರಪ್ಪನವರು ಮುಂಬಯಿಯಲ್ಲಿ ಓದಿ, 1904ರಲ್ಲಿ ಕಾನೂನು ಪದವಿ ಪಡೆದು, ಬಿಜಾಪುರಕ್ಕೆ ವಕೀಲಿ ಮಾಡಲು ಬಂದರು. ರಬಕವಿ-ಬನಹಟ್ಟಿಯ ಸ್ನೇಹಿತರ ಮನೆಯೊಂದಕ್ಕೆ ಹೋದಾಗ ಅಲ್ಲಿ ಕಂಡ ತಾಡೋಲೆಗಳೇ ಅವರ ಬಾಳಿನ ದಿಕ್ಕನ್ನು ಬದಲಿಸಿದವೆಂದು ಜೀವನಚರಿತ್ರೆಕಾರರು ಹೇಳುತ್ತಾರೆ. ಅಲ್ಲಿಂದ ಮುಂದೆ ಮಠಗಳಲ್ಲಿ, ಮನೆಗಳ ಜಗುಲಿಯಲ್ಲಿ, ಅಟ್ಟದಲ್ಲಿ, ದೇವರ ಗೂಡಿನಲ್ಲಿ ಇದ್ದ ಓಲೆಗಳನ್ನು ಹುಡುಕಿ, ಬೇಡಿ ತಂದು, ಓದಿ, ಪ್ರತಿಮಾಡಿ, ಹೋಲಿಸಿ ನೋಡಿದರು. 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಹೊರಬಂತು. ಅಚ್ಚಿನ ಕೆಲಸಕ್ಕೆ ಪರರನ್ನು ನೆಚ್ಚಿ ಕೂಡುವುದು ಸಾಧ್ಯವಿಲ್ಲವೆಂದು ವಾಸದ ಮನೆಯನ್ನೇ ಮಾರಿ 1925ರಲ್ಲಿ ‘ಹಿತಚಿಂತಕ’ ಮುದ್ರಣಾಲಯ ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ, 1927ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ. ಅದಕ್ಕೂ ಮೊದಲೇ, 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆಗೂ 1912ರಲ್ಲಿ ಸಿದ್ಧೇಶ್ವರ ಬ್ಯಾಂಕಿಗೂ ಅಡಿಗಲ್ಲು ಹಾಕಿದ್ದರು. 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಅವರನ್ನು ಅರಸಿ ಬಂದವು. ಆದರೆ ಹಣ ಅರಸಿ ಬರಲಿಲ್ಲ. ಇಷ್ಟೆಲ್ಲ ಸಂಸ್ಥೆಗಳನ್ನು ಕಟ್ಟಿದವರು ತಮಗೆಂದು ಏನನ್ನೂ ಕೂಡಿಡದೆ 1964ರ ಜೂನಿನಲ್ಲಿ ಇದೇ ಊರಿನಲ್ಲಿ ಲಿಂಗೈಕ್ಯರಾದರು. ಅವರು ಕೆಲಸ ಆರಂಭಿಸುವಾಗ ಹೆಸರು ತಿಳಿದ ವಚನಕಾರರು ಐವತ್ತರ ಆಸುಪಾಸು. ಮುಗಿಸುವಾಗ ಇನ್ನೂರೈವತ್ತರಷ್ಟು ಶರಣರು ಬೆಳಕಿಗೆ ಬಂದಿದ್ದರೆಂದು ಹೇಳುತ್ತಾರೆ. ಅವರ ಹುಟ್ಟಿದ ದಿನವನ್ನು ಇಂದು ವಚನ ಸಾಹಿತ್ಯ ಸಂರಕ್ಷಣಾ ದಿನವೆಂದು ಆಚರಿಸುತ್ತೇವೆ.

ಗೆಳೆಯ ಒಂದೇ ಮಾತು ಹೇಳಿದ: “ಅವರು ಬೇಡಿದಾಗ ಆ ಮನಿಯವರು, ‘ಇದನ್ನ ಗುಜರಿಯವಗ ಕೊಟ್ಟೀವಿ’ ಅಂದಿದ್ದ್ರ ಇವತ್ತ ನಾವೇನ್ ಓದತಿದ್ವಿ?”

ನಾನು ತಲೆಯೆತ್ತಲಿಲ್ಲ. ನಿತ್ಯ ಪೂಜೆಯ ನಂತರ ನಾನು ಓದುವ ವಚನಗಳೆಲ್ಲ ಯಾರದೋ ಮನೆಯ ಅಟ್ಟದ ಮೇಲೆ ಕೆಂಪು ವಸ್ತ್ರದಲ್ಲಿ ಸುತ್ತಿಕೊಂಡಿದ್ದವೇ. ಅವುಗಳನ್ನು ಓದಲು ಬಾರದಿದ್ದರೂ ಹೂವೇರಿಸಿ ಕಾಪಾಡಿದ ಯಾರೋ ತಾಯಂದಿರು ಇದ್ದರು, ನನ್ನ ತಾಯಿಯಂಥವರು. ಅವಳಿಗೆ ಅಕ್ಷರ ಬಾರದು. ಆದರೂ ಅವಳು ಉಳಿಸಿದಳು. ಮೂವತ್ತು ವರ್ಷ ಅಕ್ಷರ ಕಲಿಸಿದ ನಾನು ಮಾರಲು ಹೊರಟೆ. ಊರು ಒಣಗಿದ್ದು ನೀರಿಲ್ಲದೆ ಅಲ್ಲ, ನೀರಿನ ದಾರಿಯನ್ನು ಕಾಯುವವರಿಲ್ಲದೆ ಎಂದು ಗೆಳೆಯ ಮೊನ್ನೆ ಹೇಳಿದ್ದು ಆಗ ನನಗೇ ಹೇಳಿದಂತೆ ಕೇಳಿಸಿತು.

ಅಲ್ಲಿಯೇ ಮರದ ನೆರಳಿನಲ್ಲಿ ನಿಂತು ತಮ್ಮನಿಗೆ ಕರೆ ಮಾಡಿದೆ. ಉಳಿದ ಸಾಮಾನು ಬೇಕಾದರೆ ಕೊಡು, ಓಲೆಯ ಕಟ್ಟು ಮಾತ್ರ ಕೊಡಬೇಡ, ಮುಂಗಡದಲ್ಲಿ ಅದರ ಪಾಲನ್ನು ನಾನು ತುಂಬಿಕೊಡುತ್ತೇನೆ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಸಿಟ್ಟಾದನೆಂದು ತಿಳಿದೆ. ಆಮೇಲೆ ಹೇಳಿದ: “ಅಣ್ಣ, ಅವ್ವ ಪೂಜೆ ಮಾಡಿದ್ದನ್ನು ಮಾರೋಕೆ ನನಗೂ ಮನಸ್ಸಿರಲಿಲ್ಲ. ನೀನೇ ಓದಿದವನು, ನೀನೇ ಕೊಡು ಅಂದೆ ಅಂತ ಸುಮ್ಮನಾದೆ.”

ಮಧ್ಯಾಹ್ನದ ಊಟದಲ್ಲಿ ಗೆಳೆಯ ಮತ್ತೆ ನನ್ನನ್ನು ‘ನೀ’ ಎಂದು ಕರೆದ. ವೈನಿಯವರು ಕೇಳದೆಯೇ ಇನ್ನೊಂದು ರೊಟ್ಟಿ ಬಡಿಸಿದರು.

ಬಾಗೇವಾಡಿಯ ಮೂಲಕ

ಮರಳುವ ದಿನ ಅವರೂ ನಮ್ಮೊಂದಿಗೆ ಬಸವನ ಬಾಗೇವಾಡಿಯವರೆಗೆ ಬಂದರು. ವಿಜಯಪುರದಿಂದ ಸುಮಾರು 43 ಕಿಲೋಮೀಟರ್. ದಾರಿಯ ಎರಡೂ ಬದಿಗೆ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಎದೆಯೆತ್ತರ ನಿಂತಿತ್ತು. ನಡುವೆ ಕಡಲೆ, ಕುಸುಬೆ. ಅಣ್ಣ ಬಸವಣ್ಣನವರ ಜನ್ಮಭೂಮಿಯಲ್ಲಿ ದರ್ಶನ ಮುಗಿಸಿ ಹೊರಬಂದಾಗ ನನ್ನ ಪತ್ನಿ ವೈನಿಯವರ ಕೈಹಿಡಿದು, “ಮುಂದಿನ ಸಲ ನೀವು ದಾವಣಗೆರೆಗೆ ಬರಬೇಕು” ಎಂದಳು. ಅವರು ನಗುತ್ತ, “ಏನ್ ತೋರಸ್ತೀರಿ?” ಎಂದರು. ಮೊಮ್ಮಗಳು ಚಟ್ಟನೆ, “ನಮ್ಮ ಹಳ್ಳಿಮನೆಯ ಬಾವಿ” ಎಂದಳು. ಎಲ್ಲರೂ ನಕ್ಕರು, ನಾನು ಮಾತ್ರ ಅದನ್ನು ಮನಸ್ಸಿನಲ್ಲಿ ಬರೆದುಕೊಂಡೆ. ಮನೆ ಕೊಳ್ಳುವವರೊಂದಿಗೆ ಮಾತನಾಡಿ, ಬಾವಿಯ ಮೇಲಿನ ಮಣ್ಣು ತೆಗೆಸಿ ಕೊಡುವುದೆಂದು ಆಮೇಲೆ ಒಪ್ಪಿಕೊಂಡಿದ್ದೇವೆ.

ಇನ್ನು ಆ ಕಟ್ಟಿನ ಸಂಗತಿ. ತಮ್ಮನೂ ನಾನೂ ಅದನ್ನು ಬಲ್ಲ ವಿದ್ವಾಂಸರೊಬ್ಬರ ಮುಂದಿಟ್ಟೆವು. ಅಪೂರ್ವವಾದ ಗ್ರಂಥವೇನೋ ಸಿಕ್ಕಿತೆಂದು ಬರೆಯುವ ಭಾಗ್ಯ ನನಗಿಲ್ಲ. ಅರ್ಧದಷ್ಟು ಗರಿಗಳು ನಮ್ಮ ಮನೆತನದ ಹೊಲ, ಕಾಳು, ಸಾಲಗಳ ಲೆಕ್ಕ. ಕೆಲವನ್ನು ಹುಳು ತಿಂದಿತ್ತು. ಉಳಿದವು ವಚನಗಳು, ಅವೂ ಈಗಾಗಲೇ ಅಚ್ಚಾಗಿರುವಂಥವೇ. ನನ್ನ ಮುಖ ಬಾಡಿದ್ದನ್ನು ಕಂಡು ಅವರು ಹೇಳಿದರು: “ಒಂದೇ ವಚನ ಹತ್ತು ಪ್ರತಿಗಳಲ್ಲಿ ಹತ್ತು ಬಗೆಯಾಗಿ ಇರುತ್ತದೆ. ಹನ್ನೊಂದನೆಯ ಪ್ರತಿ ಸಿಕ್ಕಾಗಲೇ ಯಾವ ಪಾಠ ಸರಿ ಎಂದು ನಿರ್ಧರಿಸಲು ಬಲ ಬರುತ್ತದೆ. ಲೆಕ್ಕದ ಗರಿಗಳೂ ವ್ಯರ್ಥವಲ್ಲ, ಆ ಕಾಲದ ಬದುಕು ಅದರಲ್ಲಿದೆ.” ಪ್ರತಿಯೊಂದು ಗರಿಯ ಛಾಯಾಚಿತ್ರ ತೆಗೆಸಿಕೊಂಡು ಮೂಲವನ್ನು ಅವರ ವಶಕ್ಕೆ ಒಪ್ಪಿಸಿದೆವು. ಕೆಂಪು ವಸ್ತ್ರವನ್ನು ಮಾತ್ರ ಮನೆಗೆ ತಂದು ಪೂಜೆಯ ಗೂಡಿನಲ್ಲಿಟ್ಟುಕೊಂಡಿದ್ದೇನೆ.

ಓದುಗ ಬಂಧುಗಳಲ್ಲಿ ಒಂದು ವಿನಂತಿ. ನಿಮ್ಮ ಹಿರಿಯರ ಮನೆಯಲ್ಲಿ ಇಂಥ ಕಟ್ಟುಗಳಿದ್ದರೆ ಮಾರಬೇಡಿ, ಹೊಳೆಯಲ್ಲಿ ಬಿಡಬೇಡಿ. ಬಿಸಿಲಿಗೆ ಹರಡಬೇಡಿ, ನೀರಿನಿಂದ ಒರೆಸಬೇಡಿ; ದಾರ ಬಿಚ್ಚಿ ಗರಿಗಳ ಕ್ರಮವನ್ನು ಕೆಡಿಸಬೇಡಿ; ಭಕ್ತಿಯಿಂದಾದರೂ ಸರಿ, ಅಕ್ಷರಗಳ ಮೇಲೆ ಅರಿಸಿನ ಕುಂಕುಮ ಹಚ್ಚಬೇಡಿ. ಒಣಗಿದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಬಲ್ಲವರಿಗೆ ತೋರಿಸಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳಿಗೆಂದೇ ಒಂದು ವಿಭಾಗವಿದೆ. ವಿಜಯಪುರದಲ್ಲಿ ಹಳಕಟ್ಟಿಯವರ ಹೆಸರಿನ ಸಂಶೋಧನ ಕೇಂದ್ರವಿದೆ. ನಿಮ್ಮ ಹತ್ತಿರದ ಮಠದಲ್ಲಿಯೂ ದಾರಿ ತೋರುವವರು ಇರುತ್ತಾರೆ.

ಇನ್ನೊಂದು ವಿನಂತಿ. ವಿಜಯಪುರಕ್ಕೆ ಹೋದಾಗ ಗೋಲಗುಂಬಜವನ್ನು ಅವಶ್ಯವಾಗಿ ನೋಡಿ, ಅದು ನೋಡತಕ್ಕದ್ದೇ. ಆದರೆ ಅಂದಿನ ಬಸ್ಸಿಗೇ ಮರಳಬೇಡಿ. ಅಲ್ಲಿ ನಿಮಗೊಬ್ಬ ಗೆಳೆಯನಿದ್ದರೆ ಅವನ ಮನೆಗೆ ಹೋಗಿ ಎರಡು ದಿನ ಇರಿ. ಊರು ತನ್ನಲ್ಲಿರುವುದನ್ನು ಅವನ ಮೂಲಕ ತೋರಿಸುತ್ತದೆ. ನೀವು ಮರೆತದ್ದನ್ನೂ ನೆನಪಿಸಿ ಕಳಿಸುತ್ತದೆ.